ಮೂವತ್ತು ನಿಮಿಷ

ಪಾರ್ಕಿಂಗಿನ ಹಿಂದೆ, ಜನರೇಟರಿನ ಎಡಕ್ಕೆ
ಹನ್ನೊಂದು ಮೆಟ್ಟಿಲು ಇಳಿದರೆ
ನಮ್ಮ ಇಪ್ಪತ್ತೆಂಟು ಮನೆಗಳು ಅಲ್ಲಿ ಒಂದೇ ಮನೆ.
ಕಾವೂರಿನ ಈ ಗುಡ್ಡದ ಓರೆಗೆ
ಊರ ಚರಂಡಿ ಇನ್ನೂ ಹತ್ತಿ ಬಂದಿಲ್ಲ;
ತೊಳೆದದ್ದು, ಉಗಿದದ್ದು, ಗಂಜಿ ಬಸಿದದ್ದು,
ಬಂಗುಡೆಯ ಕಿವಿರಿನ ಕೆಂಪು,
ಎಲ್ಲ ಇಲ್ಲಿಗೇ ಬಂದು ಮುಟ್ಟಬೇಕು.

ಐತಪ್ಪ ಗಾಜಿನ ಜಾಡಿಯಲ್ಲಿ ಒಂದು ಲೀಟರ್ ಎತ್ತಿ
ಟ್ಯೂಬ್‌ಲೈಟಿನ ಕೆಳಗೆ ಇಡುತ್ತಾನೆ.
"ಇನ್ನು ಅರ್ಧ ಗಂಟೆ ಅಲ್ಲಾಡಿಸ್ಬಾರ್ದು ಟೀಚರೇ."
ಕಂದು ಮೋಡ ಮೆಲ್ಲನೆ ತನ್ನ ಮೇಲೆ ತಾನೇ ಕೂತು
ಮೇಲೆ ಒಂದು ಬೆರಳು, ಎರಡು ಬೆರಳು ತಿಳಿ.
ಮೂವತ್ತೊಂದು ವರ್ಷ ಪಿಪೆಟ್ಟು ಹಿಡಿದು ಪಾಠ ಹೇಳಿದವಳು ನಾನು;
ನೀರು ಹೀಗೆ ನಾಚಿಕೆಯಿಲ್ಲದೆ
ಮನೆಮನೆಯ ಮಾತಾಡುವುದನ್ನು
ಯಾವ ಲ್ಯಾಬಿನಲ್ಲೂ ಕೇಳಿರಲಿಲ್ಲ.

ಅವನಿಗೆ ಗೊತ್ತು:
ಶುಕ್ರವಾರ ಎಣ್ಣೆ ಹೆಚ್ಚು, ಆದಿತ್ಯವಾರ ಸೋಪು,
ಯಾರಲ್ಲೋ ಬಾಣಂತಿ, ಡೆಟ್ಟಾಲಿನ ವಾಸನೆ.
ಮೇ ರಜೆಗೆ ಎಲ್ಲರೂ ಬೀಗ ಹಾಕಿ ಹೋದಾಗ
ಸ್ವಂತ ದುಡ್ಡಿನ ಒಂದು ಅಚ್ಚು ಬೆಲ್ಲ ಕರಗಿಸಿ ಹುಯ್ದ.
"ಕಣ್ಣಿಗೆ ಕಾಣೂದಿಲ್ಲ ಅಂತ ಅವಕ್ಕೆ ಹಸಿವಿಲ್ವಾ ಎಂತ?"
ಟ್ಯಾಂಕು ಶುರುವಾದ ದಿನ ಕುಂಜತ್ತಬೈಲಿನಿಂದ
ಎರಡು ಬಕೆಟ್ ಸೆಗಣಿ ತಂದು ಕದಡಿದವನೂ ಅವನೇ.
ಸೆಗಣಿ ಸಾರಿಸಿದರೆ ಅಂಗಳ ಶುದ್ಧ ಅನ್ನುತ್ತಿದ್ದಳು ನನ್ನಜ್ಜಿ,
ಬ್ಲೋವರ್ ಕಾಣದವಳು.

ಆಟಿಯ ಒಂದು ಸೋಮವಾರ ಜಾಡಿ ತಿಳಿಯಾಗಲಿಲ್ಲ.
ಅರ್ಧ ಗಂಟೆ. ಒಂದು ಗಂಟೆ.
ಬೂದು ಬೂದಾಗಿಯೇ ನಿಂತಿತು.
ಟ್ಯಾಂಕಿನ ತುಂಬ ಬಿಳಿ ನೊರೆ,
ಲಿಫ್ಟಿನವರೆಗೂ ಕೊಳೆತ ಮೊಟ್ಟೆಯ ನಾತ.
ಮೂರನೇ ಮಾಳಿಗೆಯ ಫ್ಲೋಸಿ ಬಾಯಿ ಮೂಗಿಗೆ ಸೆರಗು ಒತ್ತಿ
ಮೀಟಿಂಗ್ ಕರೆದರು. ಆಸಿಡ್ ಸುರಿದವರು ಯಾರು?
ನರ್ಸಿಂಗ್ ಓದುವ ಬಾಡಿಗೆಯ ಹುಡುಗಿಯರ ಕಡೆ
ಎಲ್ಲರ ಕಣ್ಣು ತಿರುಗಿತು.
ಖಜಾಂಚಿ ನಾನು. ನೋಟೀಸು ಬರೆದವಳೂ ನಾನೇ,
ಕಪ್ಪುಹಲಗೆಯಲ್ಲಿ ಪಳಗಿದ ಚಂದದ ಅಕ್ಷರದಲ್ಲಿ.

ಅದರಲ್ಲಿ ಬರೆಯದೆ ಬಿಟ್ಟದ್ದು:
ಶನಿವಾರ ರಾತ್ರಿ, ತಂಗಿ ಸುಗಂಧಿ ಹೋಗಿ ಹದಿನಾಲ್ಕನೆಯ ದಿನ,
ಅವಳ ಮಂಚದಡಿಯ ಬಿಸ್ಕತ್ತಿನ ಡಬ್ಬ ತೆರೆದು
ಒಂದೊಂದೇ ಬೆಳ್ಳಿ ಹಾಳೆ ಒಡೆದು
ಗುಳಿಗೆ, ಕ್ಯಾಪ್ಸೂಲು, ಅರ್ಧ ಉಳಿದ ಸಿರಪ್ಪು,
ನಾಲ್ಕು ತಿಂಗಳು ಸೋಂಕಿನೆದುರು ನಿಂತು ಸೋತ ಎಲ್ಲವನ್ನೂ
ಕಮೋಡಿಗೆ ಹಾಕಿ ಫ್ಲಶ್ ಒತ್ತಿದೆ. ಮೂರು ಸಲ.
ಅದರ ಹಿಂದೆಯೇ, ಅವಳ ಕೋಣೆ ತೊಳೆಯಲು ತಂದ
ಐದು ಲೀಟರ್ ಫಿನಾಯಿಲು.
ಮೇಲೆ ಕೊಲ್ಲಲಾರದೆ ಹೋದದ್ದು
ಕೆಳಗಿಳಿದು ಕೊಂದಿತ್ತು.

ಐತಪ್ಪ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ.
ಮರುದಿನ ಜೇಬಿನಿಂದ ತೆಗೆದು ಕೊಟ್ಟ,
ತೊಳೆದು ಒಣಗಿಸಿದ ಹಾಳೆಯ ಚೂರು.
"ಜಾಲರಿಗೆ ಸಿಕ್ಕಿತ್ತು."
ಆಮೇಲೆ ಸೆಗಣಿಗೆ ಹೋಗುವಾಗ
ಒಂದು ಬಕೆಟ್ ನನ್ನ ಕೈಗೆ ಕೊಟ್ಟ.

ಎಂಟನೆಯ ದಿನ. ಮಳೆ ಬಿಟ್ಟ ಸಂಜೆ.
ಇರುವ ಒಂದೇ ಸ್ಟೂಲಿನಲ್ಲಿ ನಾನು,
ಕವುಚಿದ ಬಕೆಟ್ಟಿನ ಮೇಲೆ ಅವನು.
ಮೇಲೆ ಯಾರೋ ಮೀನು ತೊಳೆಯುತ್ತಿದ್ದಾರೆ,
ಪೈಪಿನಲ್ಲಿ ಸದ್ದು ಇಳಿಯುತ್ತಿದೆ.
ನೋಟೀಸ್ ಬೋರ್ಡಿನಲ್ಲಿ ನನ್ನ ಅಕ್ಷರ ಇನ್ನೂ ಉಂಟು.
ಲಿಫ್ಟಿನಲ್ಲಿ ಆ ಹುಡುಗಿಯರು ಈಗ ನಮಸ್ತೆ ಹೇಳುವುದಿಲ್ಲ.
ಜಾಡಿಯ ಮೇಲ್ತುದಿಯಲ್ಲಿ ಒಂದು ಗೆರೆಯಷ್ಟು ತಿಳಿ,
ಹೌದೋ ಅಲ್ಲವೋ ಅನ್ನುವಷ್ಟು.

ಹೇಳಿಬಿಡೋಣವೆಂದು ಎದ್ದರೆ
ಸ್ಟೂಲು ಜಾಡಿಯ ಮೇಜಿಗೆ ತಾಗುತ್ತದೆ.
"ಅಲ್ಲಾಡಿಸ್ಬೇಡಿ ಟೀಚರೇ," ಅನ್ನುತ್ತಾನೆ,
"ಇನ್ನೂ ಹದಿನೆಂಟು ನಿಮಿಷ ಉಂಟು."