ಲಿಫ್ಟ್ ಕೆಟ್ಟಿದೆ

ಏಳು ಮಹಡಿ ಹತ್ತಿ ಬಂದು, ಏದುಸಿರಲ್ಲೇ ಕೇಳಿದೆಯಲ್ಲ ಗೋಚಾ,
ಪದಕ್ಕೆ ಎಷ್ಟು ಕೊಡುತ್ತೀ ಅವನಿಗೆ ಅಂತ,
ಕೂತುಕೋ. ಕಾಫಿಯ ಗಷ್ಟು ತಳಕ್ಕಿಳಿಯಲಿ.
ಲೆಕ್ಕ ಆಮೇಲೆ.

ಅಪ್ಪ ಬಿಟ್ಟುಹೋದದ್ದು ನೂರಾ ಹನ್ನೆರಡು ಲಿಫ್ಟು,
ಎಲ್ಲವೂ ಸಬುರ್ತಾಲೋದ ಈ ಬೂದುಬಣ್ಣದ ಕಟ್ಟಡಗಳಲ್ಲಿ,
ನಾಣ್ಯ ನುಂಗಿ ನಾಲ್ಕನೆಯದರಲ್ಲಿ ನಿಂತುಬಿಡುವಂಥವು;
ಜುಂಬೆರ್ ಎಂಬ ಮೆಕ್ಯಾನಿಕ್ಕು, ಅವನ ಕೆಮ್ಮು,
ಮತ್ತೊಂದು ರಟ್ಟಿನ ಹಲಗೆ: ಲಿಫ್ಟ್ ಕೆಟ್ಟಿದೆ.

ನನಗೆ ಬೇಕಿದ್ದದ್ದು ಒಂದು ಕರಪತ್ರ.
ಹೊಳೆಯುವ ಕಾಗದ, ಮೂವತ್ತು ವರ್ಷದ ವಿಶ್ವಾಸ, ಅಂಥದ್ದೇನೋ.
ಹಿಂದಿನವರು ಬರೆದುಕೊಟ್ಟದ್ದೂ ಅದನ್ನೇ:
ಬೆಳಿಗ್ಗೆ ಹೇಳಿದರೆ ಸಂಜೆಗೆ ತಯಾರು,
ಲಿಫ್ಟಿಗೂ ಸರಿ, ಶಾಂಪೂವಿಗೂ ಸರಿ.

ಮಲ್ಖಾಜ್ ಬಂದ. ಮುಂಗಡ ಜೇಬಿಗಿಳಿಸಿದ.
ಎರಡು ವಾರ ಒಂದಕ್ಷರವಿಲ್ಲ.
ಜುಂಬೆರ್ ಹೇಳಿದ: ನನ್ನ ಜೊತೆ ಗುಂಡಿಗಿಳಿದ,
ಎಣ್ಣೆಬಟ್ಟೆ ಹಿಡಿದು ನಿಂತ,
ಈ ತಂತಿಗೆ ನೀವು ಏನಂತೀರಿ ಎಂದು ಕೇಳಿ ಬರೆದುಕೊಂಡ,
ಕೆಮ್ಮಿನ ಬಗ್ಗೆಯೂ ಕೇಳಿದ.
ನಾನೆಂದೆ: ನಾನು ದುಡ್ಡು ಕೊಡುತ್ತಿರುವುದು ಬರೆಯೋದಕ್ಕೆ.

ಹದಿನೈದನೆಯ ದಿನ ಬಂದು ಮೇಜಿನ ಮೇಲಿಟ್ಟದ್ದು
ಕರಪತ್ರವಲ್ಲ. ಆ ರಟ್ಟಿನ ಹಲಗೆ.
"ನಿಮ್ಮ ಕಂಪನಿ ಬರೆದದ್ದರಲ್ಲಿ ಜನ ಓದುವುದು
ಇದೊಂದನ್ನೇ, ತ್ಸಿಯಾಲಾ ಅವರೇ.
ಹತ್ತು ಕಿಲೋ ಆಲೂಗಡ್ಡೆ ಹೊತ್ತು ನಿಂತು
ಎರಡೇ ಎರಡು ಪದ. ಆಮೇಲೆ ಮೆಟ್ಟಿಲು.
ಮೆಟ್ಟಿಲಿಗೊಂದು ಶಾಪ,
ಎಲ್ಲ ನಿಮ್ಮ ಹೆಸರಿಗೇ ಜಮಾ."

ಸಿಟ್ಟು ಬಂತು. ಬರಲಿಲ್ಲವೆಂದರೆ ಸುಳ್ಳಾದೀತು.
ಬಾಗಿಲು ತೋರಿಸುವುದರಲ್ಲಿದ್ದೆ.
ಅವನು ಪೆನ್ಸಿಲು ತೆಗೆದ.
ಯಾವಾಗ ಸರಿಹೋಗುತ್ತೆ? ಗೊತ್ತಿಲ್ಲ.
ಯಾರಿಗೆ ಗೊತ್ತು? ಜುಂಬೆರ್‌ಗೆ.
ಅವನನ್ನು ಕೇಳ್ತೀರಾ? ಇಲ್ಲ.
ಯಾಕೆ?
ಆ ಯಾಕೆಗೆ, ಗೋಚಾ, ನಾನು ಇವತ್ತಿಗೂ ದುಡ್ಡು ಕೊಡುತ್ತಿದ್ದೇನೆ.

ಮರುವಾರದ ಹಲಗೆ:
"ಬಾಗಿಲಿನ ರೋಲರ್ ಸವೆದಿದೆ. ಹೊಸದು ನಾಳೆ ರುಸ್ತಾವಿಯಿಂದ ಬರುತ್ತದೆ.
ಸಂಜೆ ಆರಕ್ಕೆ ಲಿಫ್ಟು ಓಡುತ್ತದೆ.
ಮೂರನೆಯ, ಆರನೆಯ ಮಹಡಿಯಲ್ಲಿ ಕುರ್ಚಿ ಇಟ್ಟಿದ್ದೇವೆ."
ಕೆಳಗೆ ಜುಂಬೆರ್‌ನ ಹೆಸರು, ಅವನ ಫೋನ್ ನಂಬರು.

ಕುರ್ಚಿ ಎಲ್ಲಿತ್ತು? ಇರಲೇ ಇಲ್ಲ.
ಬರೆದಮೇಲೆ ತಂದಿಡಬೇಕಾಯಿತು, ಅಡುಗೆಮನೆಯದನ್ನೇ.
ಆರು ಅಂದಮೇಲೆ ಆರಕ್ಕೇ ಮುಗಿಸಬೇಕಾಯಿತು,
ರೋಲರುಗಳ ದಾಸ್ತಾನಿಗೆ ಬ್ಯಾಂಕಿನ ಬಾಗಿಲು ಬಡಿಯಬೇಕಾಯಿತು.
ಅವನು ಬರೆದು ಸುಮ್ಮನಾಗುತ್ತಿದ್ದ;
ಬರೆದದ್ದರ ಹಿಂದೆ ನಾವು ಬಿದ್ದೆದ್ದು ಓಡಿದೆವು.
ಯಾವಾಗಲೋ, ಯಾರೂ ಹೇಳದೆ,
ಲೆಕ್ಕದ ಪುಸ್ತಕವನ್ನೂ ಅವನ ಮುಂದೆ ಬಿಚ್ಚಿಟ್ಟಿದ್ದೆ.

ಫೆಬ್ರವರಿಯಲ್ಲಿ ಮೂವತ್ತೊಂದನೆಯ ಕಟ್ಟಡದಲ್ಲಿ
ಮುದುಕಿಯೊಬ್ಬಳು ಮೂರು ಗಂಟೆ ಒಳಗೇ ಸಿಕ್ಕಿಕೊಂಡಳು.
ವಕೀಲ ಎಂದ: ಬಾಯಿಗೆ ಬೀಗ.
ಮಧ್ಯರಾತ್ರಿ ಮಲ್ಖಾಜ್‌ಗೆ ಫೋನ್ ಮಾಡಿದೆ,
ಯಾರೋ ಹ್ಯಾಝೆಲ್‌ಕಾಯಿ ವ್ಯಾಪಾರಿಯ ಕೆಲಸದಲ್ಲಿದ್ದ.
ಕ್ಷಮಾಪಣೆ ಬರೆದುಕೊಡು, ಚೆನ್ನಾಗಿರಲಿ, ಎಂದೆ.
"ಏನೂ ಬರೆಯಬೇಡಿ. ಹೋಗಿ."

ಹೋದೆ. ಎಂಟು ಮಹಡಿ, ಕತ್ತಲೆಯಲ್ಲಿ.
ಆರನೆಯದರಲ್ಲಿ ಕಾಲು ಸೋತು ನನ್ನದೇ ಕುರ್ಚಿಯಲ್ಲಿ ಕೂತೆ.
ಅಲ್ಲಿ ಅತ್ತೆನೋ ಇಲ್ಲವೋ, ಅದು ಬೇಡ.
ಮುದುಕಿ ಬಾಗಿಲು ತೆರೆದು ನೋಡಿ,
ಬೈದಳು, ಬೈದು ಮುಗಿಸಿ ರೊಟ್ಟಿ ಬಿಸಿಮಾಡಿದಳು.

ಆ ತಿಂಗಳ ಬಿಲ್ಲು ಎಂದಿನಷ್ಟೇ ಇತ್ತು.
ಪದ ಎಣಿಸಿದ್ದರೆ ನಾಲ್ಕು.

ನಂಬರು ಬರೆದುಕೋ. ಆದರೆ ಅವನು ನನ್ನ ಆಳಲ್ಲ,
ಇಷ್ಟವಾದರೆ ಬರುತ್ತಾನೆ.
ಬಂದರೆ ಮೊದಲು ಕೇಳುವುದು ನಿನ್ನ ಬಾಯ್ಲರ್ ಸೋರಿದ ಮನೆಗಳ ವಿಳಾಸ.
ಹುಬ್ಬು ಗಂಟಿಕ್ಕಬೇಡ. ಕೊಟ್ಟುಬಿಡು.

ಇಳಿಯುವಾಗ ಮೂರನೆಯ ಮಹಡಿಯಲ್ಲಿ ನೋಡಿ ಕೂರು,
ಕುರ್ಚಿಯ ಒಂದು ಕಾಲು ಗಿಡ್ಡ.
ಕೆಳಗೆ ಹಲಗೆಯಲ್ಲಿ ಬರೆದಿದೆ,
ನೀನು ಓದದೆ ಹತ್ತಿ ಬಂದಿದ್ದೀ.