ನೋಡತಕ್ಕ ಸ್ಥಳಗಳು

ಎಡಗಡೆ ನೋಡಿ ವಿಧಾನಸೌಧ, ಎಂದೆ.
ಹನ್ನೊಂದು ವರ್ಷದಿಂದ ಎಡಗಡೆಯೇ ಇದೆ ಅದು,
ವಾಪಸು ಬರುವಾಗ ಮಾತ್ರ ಬಲಗಡೆ.
ಇದು ಹವೆಗೆ ಹೆಸರಾದ ಊರು, ಎಂದೆ,
ಒಂದು ಕಾಲಕ್ಕೆ ಇಲ್ಲಿ ಫ್ಯಾನೇ ಬೇಡವಾಗಿತ್ತು.
ಈ ಮಾತಿಗೆ ಬಸ್ಸು ಯಾವಾಗಲೂ ನಗುತ್ತದೆ,
ಮಾರ್ಚಿನಲ್ಲಿ ನಗುವುದಿಲ್ಲ.

ಅವತ್ತು ಬೆಲೇಕೇರಿಯ ಸ್ವಸಹಾಯ ಸಂಘದವರು,
ಮೂವತ್ತನಾಲ್ಕು ಹೆಂಗಸರು, ಒಬ್ಬ ಖಜಾಂಚಿಯ ಗಂಡ.
ಮುಂದಿನ ಸೀಟಿನಲ್ಲಿ ಮೋಹಿನಿ ಹರಿಕಂತ್ರ,
ಐವತ್ತು ದಾಟಿದ ಮೀನು ಮಾರುವಾಕೆ,
ಕಿಟಕಿಯಾಚೆ ಕೈ ಚಾಚಿ, ಬಿಸಿಲನ್ನು
ಅಂಗಡಿಯಲ್ಲಿ ಸೀರೆಯ ಸೆರಗು ಮುಟ್ಟುವ ಹಾಗೆ
ಎರಡು ಬೆರಳಲ್ಲಿ ಉಜ್ಜಿ ನೋಡಿದಳು:
"ಬಿಸಿಲೇನೋ ಚಲೋ ಉಂಟು ತಮಾ,
ಉಪ್ಪಿಲ್ಲ."

ಲಾಲ್‌ಬಾಗಿನ ಬಂಡೆ ಹತ್ತಿಸಿದೆ.
ಮುನ್ನೂರು ಕೋಟಿ ವರ್ಷದ್ದು, ಎಂದೆ,
ಬೋರ್ಡಿನಲ್ಲಿದ್ದಂತೆ, ಸೊನ್ನೆ ಒಂದೂ ಬಿಡದೆ.
ಆಕೆ ಚಪ್ಪಲಿ ಕಳಚಿ ಅಂಗಾಲಿಟ್ಟಳು,
ಆಚೆ ಈಚೆ ಹೆಜ್ಜೆ ಅಳೆದಳು.
"ಇಷ್ಟಗಲ ಕಲ್ಲು, ನೆರಳಿಲ್ಲ, ಹೊಯಿಗೆಯಿಲ್ಲ.
ಬಂಗಡೆ ಹರವಿದರೆ ಎರಡೇ ದಿನಕ್ಕೆ ಗಲಗಲ ಒಣಗ್ತಿತ್ತು.
ಸುಮ್ಮನೆ ಬಿಟ್ಟಿದ್ದಾರಲ್ಲ!"
ಸಂಘದವರೆಲ್ಲ ಬಂಡೆಯನ್ನು
ಆಗಷ್ಟೇ ನೋಡಿದರು.
ನಾನೂ.

ಹಲಸೂರು ಕೆರೆ ತೋರಿಸಿದೆ. ಮರ್ಯಾದೆಗೆ ನೋಡಿದಳು,
ಬೇರೆಯವರ ಮನೆಯ ಮಗುವನ್ನು ನೋಡುವಂತೆ.
ಕಬ್ಬನ್ ಪಾರ್ಕಿನಲ್ಲಿ ಉದುರಿದ ಗುಲಾಬಿ ಬಣ್ಣದ ಹೂ ಎತ್ತಿ
ಮೂಸಿ, ಇದ್ದ ಜಾಗದಲ್ಲೇ ಇಟ್ಟಳು.
ಮೂರೂವರೆಗೆ ಮೋಡ ಕವಿದು ಆಲಿಕಲ್ಲು ಬಿತ್ತು.
ಮೂವತ್ತನಾಲ್ಕು ಹೆಂಗಸರು ಸೆರಗೊಡ್ಡಿ ಓಡಿದರು,
"ಐಸು! ದುಡ್ಡು ಕೊಡದೆ ಐಸು!"
ದಿನಾ ಬೆಳಗ್ಗೆ ಬುಟ್ಟಿಗಿಷ್ಟು ಎಂದು ಐಸು ಕೊಳ್ಳುವವರು.
ನನ್ನ ಪಟ್ಟಿಯಲ್ಲಿ ಆಲಿಕಲ್ಲು ಇರಲಿಲ್ಲ.

ಮೇಲುಸೇತುವೆಯ ಕೆಳಗೆ ಸಿಕ್ಕಿಕೊಂಡೆವು, ನಲವತ್ತು ನಿಮಿಷ.
ಕಡಲು ಕಾಣದವನು ನಾನು, ಮೈಕಿನಲ್ಲೇ ಕೇಳಿದೆ:
ನಿಮ್ಮ ಸಮುದ್ರದ ಸದ್ದೂ ಹೀಗೇ ಅಲ್ಲವೇ ಅಕ್ಕ?
"ಅಲ್ಲ. ಅದು ನಡುನಡುವೆ ಉಸಿರು ತಕೊಳ್ತದೆ."

ರೈಲಿಗೆ ಬಿಡಲು ಹೋದೆ. ಹಳದಿ ಫಲಕದಲ್ಲಿ
ಬೆಂಗಳೂರು ಎಂಬ ದೊಡ್ಡಕ್ಷರದ ಕೆಳಗಿನ
ಸಣ್ಣಕ್ಷರ ಓದಿಸಿದಳು ನನ್ನಿಂದ:
ಸಮುದ್ರ ಮಟ್ಟದಿಂದ ಎತ್ತರ, ಮೀಟರು ಇಷ್ಟು.
ವಾರಕ್ಕೆ ನಾಲ್ಕು ಸಲ ಕಂಡ ಫಲಕ; ಓದಿರಲಿಲ್ಲ.
ಆಕೆ ಹಳಿಗಳ ನಡುವೆ ಬಗ್ಗಿ ನೋಡಿದಳು,
ಬಾವಿ ನೋಡುವಷ್ಟೇ ಎಚ್ಚರದಲ್ಲಿ.
"ಹಾಗಾದ್ರೆ ಉಂಟಲ್ಲ. ಕೆಳಗೆ."

ಸೀಟಿನಡಿ ಮರೆತಳೋ, ಬಿಟ್ಟಳೋ,
ಪೇಪರಿನಲ್ಲಿ ಸುತ್ತಿದ ಒಣಶೆಟ್ಲಿ, ಒಂದು ಮುಷ್ಟಿ.
ಮರುದಿನದ ಬಸ್ಸು ಮೂಗು ಮುಚ್ಚಿ ಕೇಳಿತು, ಏನಿದು ವಾಸನೆ?
ಮೈಕು ಹಿಡಿದೆ.
ಎಡಗಡೆ ನೋಡಿ, ಎಂದೆ.
ಎಡಗಡೆ ಏನೂ ಇರಲಿಲ್ಲ,
ಬರೀ ಬಿಸಿಲು.