ಹೊಸದನ್ನು ಹಳತು ಮಾಡುವಾಕೆ

ಹೊಸ ಪ್ಯಾಂಟನ್ನು ಹಳತು ಮಾಡುವುದು ನನ್ನ ಕೆಲಸ.
ಬಳ್ಳಾರಿ, ಕೌಲ್ ಬಜಾರಿನ ಹಿಂದಿನ ತಗಡಿನ ಶೆಡ್ಡು.
ಉಪ್ಪುಕಾಗದ ಹಿಡಿದು ತೊಡೆಯ ಮೇಲೆ ಎಂಟು ಸಲ,
ಮೊಣಕಾಲಿಗೆ ಹನ್ನೆರಡು,
ಜೇಬಿನ ಅಂಚಿಗೆ ನನ್ನ ಬೆರಳು ಸವೆಯುವಷ್ಟು.
ಯಾರೂ ತೊಡದ ಬಟ್ಟೆಗೆ
ಯಾರೋ ಹತ್ತು ವರ್ಷ ತೊಟ್ಟ ದಣಿವು ಬರಬೇಕು.
ತುಂಡಿಗೆ ಮೂರು ರೂಪಾಯಿ.

ಅದಕ್ಕೇ ಸಮಾಧಾನಪ್ಪ ಪಾಸ್ಟರು
'ಇನ್ನ ಮ್ಯಾಲೆ ನೀ ಹೊಸಾಕಿ ನೋಡಮ್ಮ' ಅಂದಾಗ
ನಗು ಬಂತು ನನಗೆ.
ಹೊಸತನದ ಬಾಳಿಕೆ ಎಷ್ಟೆಂದು
ದಿನಕ್ಕೆ ನೂರಿಪ್ಪತ್ತು ಸಲ ಕಂಡವಳು.

ಪವಾಡ ಏನೂ ಆಗಿರಲಿಲ್ಲ.
ಶೆಡ್ಡಿನಲ್ಲಿ ನನ್ನ ಹೆಸರು ಐದನೇ ಟೇಬಲ್.
ಆರನೇ ಟೇಬಲ್ಲಿನ ಕರುಣಮ್ಮ ಒಂದು ಮಧ್ಯಾಹ್ನ
ಮಂಡಕ್ಕಿ ಒಗ್ಗರಣಿಯ ಪೊಟ್ಟಣ ಬಿಚ್ಚಿ
ನಡುವೆ ಇಟ್ಟು, ಕಣ್ಣು ಮುಚ್ಚಿ, ಏನೋ ಗುನುಗಿ
'ನಿನ್ನ ಹೆಸರೂ ಹೇಳೀನಿ ಆತಗ' ಅಂದಳು.
ಯಾರಿಗೆ ಅಂತ ಕೇಳಲಿಲ್ಲ.
ಎಲ್ಲೋ ಒಂದು ಕಡೆ
ನನ್ನ ಹೆಸರು ಹೋಗಿ ತಲುಪಿದೆ ಅನ್ನುವುದೇ
ಆ ಹೊತ್ತು ಹೊಟ್ಟೆ ತುಂಬಿಸಿತು.

ಆದಿತ್ಯವಾರ ಹೋದೆ. ಚಾಪೆಯ ಮೇಲೆ ಜಾಗ ಬಿಟ್ಟರು.
ಯಾವ ಕೇರಿ ಎಂದು ಯಾರೂ ಕೇಳಲಿಲ್ಲ.
(ಮೂರನೇ ವಾರ ಒಬ್ಬರು ಕೇಳಿದರು, ಸುತ್ತು ಹಾಕಿ:
'ನಿಮ್ಮ ಮನಿ ಊರಾಗ ಯಾವ ಕಡಿಗೆ ಬರತದ?'
ಹೇಳಿದೆ.
ಆಕೆ ತುಸು ಸರಿದಳು, ಆಮೇಲೆ
ನಾಚಿಕೊಂಡಂತೆ ವಾಪಸ್ ಸರಿದಳು.
ಆ ವಾಪಸ್ ಸರಿದದ್ದನ್ನೂ ಲೆಕ್ಕಕ್ಕೆ ಹಿಡಿದೆ.)

ದೀಕ್ಷಾಸ್ನಾನದ ಹಿಂದಿನ ಸಂಜೆ
ರಿಜಿಸ್ಟರ್ ತೆರೆದು ಕೂತರು ಆನಂದಪ್ಪ ಮೇಷ್ಟ್ರು.
'ಕೃಪಮ್ಮ, ಜೀವಮ್ಮ, ಸುವಾರ್ತಮ್ಮ.
ಯಾವುದು ಬರೀಲಿ?'
ಮೂರೂ ಚಂದ. ಇಸ್ತ್ರಿ ಮಾಡಿಟ್ಟ ಹಾಗೆ.
'ಹುಲಿಗೆಮ್ಮ ಅಂತನ ಬರೀರಿ' ಅಂದೆ.
ಪೆನ್ನು ನಿಂತಿತು.

ಅವ್ವ ಹರಕೆಗೆಂದು ಹುಲಿಗಿಗೆ ಹೊರಟವಳು
ಮುನಿರಾಬಾದ್ ಸ್ಟೇಷನ್ನಿನ ಬೆಂಚಿನ ಮೇಲೆ
ನನ್ನನ್ನು ಹೆತ್ತಳು. ಹಣ್ಣು ಮಾರುವವಳು
ಬುಟ್ಟಿಯ ಬಟ್ಟೆ ಕೊಟ್ಟಳಂತೆ ಸುತ್ತಲಿಕ್ಕೆ.
ಆ ನೋವಿನಲ್ಲಿ ಅವ್ವ ಕೂಗಿದ ಹೆಸರು ಅದು.
ಅದನ್ನು ಉಜ್ಜಿ ತೆಗೆದರೆ
ಆ ಬೆಂಚಿನ ಮೇಲೆ ಅವಳೊಬ್ಬಳೇ ಉಳಿಯುತ್ತಾಳೆ.

ಮೇಷ್ಟ್ರು ಪಾಸ್ಟರ ಮುಖ ನೋಡಿದರು.
ಪಾಸ್ಟರು ಫ್ಯಾನ್ ನೋಡಿದರು ಬಹಳ ಹೊತ್ತು.
'ಬರೀರಿ' ಅಂದರು. 'ಕರೆಯೋನಿಗೆ ಗೊತ್ತದ.'

ಮೋಕಾ ರಸ್ತೆಯ ಆಚೆ, ಕಾಲುವೆಗೆ ನೀರು ಬಿಟ್ಟ ಮೂರನೇ ದಿನ.
ಕೆಂಪು ನೀರು, ಚಪ್ಪಲಿ, ಜಾಲಿಯ ಕಾಯಿ.
ಮುನಿರಾಬಾದಿನ ಅದೇ ಅಣೆಕಟ್ಟಿನಿಂದ
ನನಗಿಂತ ನಿಧಾನಕ್ಕೆ ಇಲ್ಲಿಗೆ ಬಂದ ನೀರು.
ಅವ್ವ ದಂಡೆಗೆ ಬರಲಿಲ್ಲ.
ಜಾಲಿ ಗಿಡದ ಕೆಳಗೆ ಒಣ ಸೀರೆ ಹಿಡಿದು ನಿಂತಿದ್ದಳು.

ಪಾಸ್ಟರ ಅಂಗೈ ಕತ್ತಿನ ಹಿಂದೆ.
ಮುಳುಗಿದೆ.
ಬೆಳಕು ಗಿಳಕು ಕಾಣಲಿಲ್ಲ.
ಆರು ವರ್ಷದಿಂದ ಕಿವಿಯೊಳಗೆ ಗುಡುಗುಟ್ಟುತ್ತಿದ್ದ
ವಾಷಿಂಗ್ ಡ್ರಮ್ಮು ಮಾತ್ರ
ನಿಂತಿತು.
ಅಷ್ಟೇ. ಅಷ್ಟು.

ಎದ್ದಾಗ ಮೊದಲು ಕೈ ನೋಡಿಕೊಂಡೆ:
ನೀಲಿ. ಉಗುರಿನ ಸಂದಿಯಲ್ಲಿ ಇನ್ನೂ ಕಡುನೀಲಿ.
ಅವ್ವ ತಲೆ ಒರೆಸಿದಳು, ಒರಟಾಗಿ, ನಾನು ಮೂರರವಳೇನೋ ಎಂಬಂತೆ.
ಕಿವಿ ಮಡಚಿ ನೋಡಿದಳು.
'ಮಚ್ಚಿ ಅಲ್ಲೇ ಐತಿ. ಏನ್ ಹೊಸಾದು ಮಾಡಿದರ ನಿನ್ನ?'
ಅಂದು, ನೆಗಡಿ ಬರತದ ಅಂತ
ಸೆರಗು ಬಿಗಿ ಮಾಡಿದಳು.
ಉತ್ತರ ಇರಲಿಲ್ಲ ನನ್ನ ಹತ್ತಿರ.
ಹಲ್ಲು ಕಟಕಟ ಅನ್ನುತ್ತಿತ್ತು, ನಗು ಬೇರೆ.

ಸೋಮವಾರ.
ಐದನೇ ಟೇಬಲ್ಲಿನ ಮೇಲೆ ಮೊದಲ ತುಂಡು,
ಗಟ್ಟಿ, ಗಂಜಿಯ ವಾಸನೆ.
ತೊಡೆಗೆ ಎಂಟು, ಮೊಣಕಾಲಿಗೆ ಹನ್ನೆರಡು.
ಒಳಜೇಬನ್ನು ಯಾರೂ ಉಜ್ಜುವುದಿಲ್ಲ,
ಕಾಣದ ಜಾಗಕ್ಕೆ ಕೂಲಿ ಇಲ್ಲ.
ಆರು ವರ್ಷದಲ್ಲಿ ಮೊದಲ ಸಲ
ಅದರೊಳಗೆ ಕೈ ಹಾಕಿ ನೋಡಿದೆ.